ಕಾಲುಂಗುರ ಬಿಗಿಯಾದಾಗ

ಏಳನೇ ತಿಂಗಳ ಸೀಮಂತ ಮುಗಿಸಿ ತವರಿಗೆ ಬಂದ ಮಗಳನ್ನು ತಾಯಿ ನನ್ನಲ್ಲಿಗೆ ಕರೆತರುವುದು ಹೆಚ್ಚಾಗಿ ಸೊಂಟ ನೋವಿಗೆ. "ರಾತ್ರಿ ಮಗ್ಗುಲು ಬದಲಿಸೋಕೇ ಆಗಲ್ಲ ಅಂತಾಳೆ ಮೇಡಂ, ಬೆಳಿಗ್ಗೆ ಎದ್ದ ಕೂಡಲೇ ಗೋಡೆ ಹಿಡ್ಕೊಂಡು ನಾಲ್ಕು ಹೆಜ್ಜೆ ಹಾಕ್ತಾಳೆ" ಎಂದು ತಾಯಿ ಹೇಳುತ್ತಿರುವಾಗ ಮಗಳು ಕುರ್ಚಿಯ ಅಂಚಿನಲ್ಲಿ ಒಂದು ಕಡೆಗೆ ವಾಲಿ ಕೂತಿರುತ್ತಾಳೆ. ಫಿಸಿಯೋಥೆರಪಿಸ್ಟ್ ಆಗಿ ಇಪ್ಪತ್ತು ವರ್ಷ ಕಳೆದ ನಾನು ಈಗ ಸೊಂಟ ಮುಟ್ಟುವ ಮೊದಲು ಚಪ್ಪಲಿ ಬಿಡಿಸಿ ಪಾದ ನೋಡುತ್ತೇನೆ. ಎಷ್ಟೋ ಸಲ ಮೊದಲು ಕಣ್ಣಿಗೆ ಬೀಳುವುದು ಕಾಲುಂಗುರ. ಮದುವೆಯ ದಿನ ಸಲೀಸಾಗಿ ತಿರುಗುತ್ತಿದ್ದ ಬೆಳ್ಳಿಯ ಸುತ್ತು ಈಗ ಬೆರಳಿನಲ್ಲಿ ಹೂತುಕೊಂಡಿರುತ್ತದೆ. "ಕಾಲು ಊದಿದೆ, ಹೆರಿಗೆ ಆದ್ಮೇಲೆ ಸರಿ ಹೋಗತ್ತೆ" ಎನ್ನುತ್ತಾರೆ ತಾಯಿ.

ಊದಿರುವುದು ನಿಜ. ಪಾದವೇ ಅಗಲವಾಗಿರುವುದೂ ನಿಜ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ನೀಲ್ ಸೀಗಲ್ ಮತ್ತು ಸಂಗಡಿಗರು 49 ಗರ್ಭಿಣಿಯರ ಪಾದಗಳನ್ನು ಮೊದಲ ಮೂರು ತಿಂಗಳಲ್ಲಿ ಒಮ್ಮೆ ಅಳೆದರು. ಹೆರಿಗೆಯಾಗಿ ಐದು ತಿಂಗಳಾದ ಮೇಲೆ, ಅಂದರೆ ಊತವೆಲ್ಲ ಇಳಿದ ಮೇಲೆ, ಮತ್ತೊಮ್ಮೆ ಅಳೆದರು. ನೂರಕ್ಕೆ ಅರವತ್ತರಿಂದ ಎಪ್ಪತ್ತು ಮಂದಿಯ ಪಾದ ಮೊದಲಿಗಿಂತ ಉದ್ದವಾಗಿ, ಅಗಲವಾಗಿ ಉಳಿದಿತ್ತು. ಉದ್ದದಲ್ಲಿ ಹೆಚ್ಚಿದ್ದು 2ರಿಂದ 10 ಮಿಲಿಮೀಟರ್. ಅಂಗಾಲಿನ ಕಮಾನು ತಗ್ಗಿತ್ತು. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಬದಲಾವಣೆ ಎದ್ದು ಕಂಡದ್ದು ಚೊಚ್ಚಲ ಬಸುರಿಯಲ್ಲಿ. ಮಗುವಾದ ಮೇಲೆ ಹಳೆಯ ಚಪ್ಪಲಿ ಹಿಡಿಸದೆ "ದಪ್ಪ ಆಗ್ಬಿಟ್ಟೆ" ಎಂದು ಬೇಸರಪಡುವ ಹೆಣ್ಣುಮಕ್ಕಳಿಗೆ ಇದನ್ನು ಹೇಳುತ್ತೇನೆ. ಅದು ದಪ್ಪವಲ್ಲ, ಪಾದದ ಮೂಳೆಗಳನ್ನು ಹಿಡಿದಿಟ್ಟ ತಂತುಗಳು ಸಡಿಲಿಸಿ ಕಮಾನು ಹರಡಿಕೊಂಡಿರುವುದು.

ಮನೆಯಲ್ಲಿ ಕೆಂಪು ಕಾವಿ ನೆಲವೋ ಒರಟು ಸಿಮೆಂಟ್ ನೆಲವೋ ಇದ್ದರೆ ನೀವೇ ಇದನ್ನು ನೋಡಬಹುದು. ಮೂರನೇ ತಿಂಗಳಲ್ಲಿ ಒಂದು ದಿನ ಪಾದ ಒದ್ದೆ ಮಾಡಿ, ಪಕ್ಕದಲ್ಲಿ ಒಬ್ಬರನ್ನು ಹಿಡಿದು ನಿಂತು, ಒಣ ನೆಲದ ಮೇಲೆ ಒಂದು ಹೆಜ್ಜೆ ಮೂಡಿಸಿ ಫೋಟೊ ತೆಗೆದಿಡಿ. ಎಂಟನೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೊಮ್ಮೆ. ಹಿಮ್ಮಡಿಗೂ ಮುಂಗಾಲಿಗೂ ನಡುವೆ ಒಳಬದಿಯಲ್ಲಿ ಇದ್ದ ಖಾಲಿ ಜಾಗ ಎರಡನೆಯ ಹೆಜ್ಜೆಯಲ್ಲಿ ತುಂಬಿಕೊಂಡಿದ್ದರೆ ಕಮಾನು ಕುಸಿದಿದೆ ಎಂದರ್ಥ. ಹುಟ್ಟಿನಿಂದಲೇ ಚಪ್ಪಟೆ ಪಾದ ಇದ್ದವರಿಗೆ ವ್ಯತ್ಯಾಸ ಕಾಣದಿರಬಹುದು. ಗಾಬರಿ ಪಡುವ ಪರೀಕ್ಷೆಯಲ್ಲ ಇದು. ಮೈ ತೂಕ ನೆಲಕ್ಕೆ ಇಳಿಯುವ ದಾರಿ ಬದಲಾಗುತ್ತಿದೆ ಎಂಬುದನ್ನು ಕಣ್ಣಾರೆ ಕಂಡರೆ ಮುಂದಿನ ಮಾತು ಸುಲಭವಾಗಿ ಅರ್ಥವಾಗುತ್ತದೆ.

ಒಂದು ಪಾದದಲ್ಲಿ 26 ಮೂಳೆಗಳಿವೆ. ಹಿಮ್ಮಡಿ ಊರಿ, ಪಾದದ ಹೊರ ಅಂಚಿನ ಮೇಲೆ ಸಾಗಿ, ಹೆಬ್ಬೆರಳ ಬುಡದಿಂದ ನೆಲವನ್ನು ಹಿಂದಕ್ಕೆ ತಳ್ಳುವುದು ಆರೋಗ್ಯವಂತ ಹೆಜ್ಜೆಯ ಕ್ರಮ. ನಡೆಯುವಾಗ ಪ್ರತಿ ಹೆಜ್ಜೆಗೂ ಮೈ ತೂಕಕ್ಕಿಂತ ಸುಮಾರು ಐದನೇ ಒಂದು ಭಾಗ ಹೆಚ್ಚು ಬಲ ಪಾದದ ಮೇಲೆ ಬೀಳುತ್ತದೆ. 52 ಕೆಜಿ ಇದ್ದ ಹುಡುಗಿ ಒಂಬತ್ತನೇ ತಿಂಗಳಿಗೆ 63 ಕೆಜಿ ಆದಳು ಎಂದುಕೊಳ್ಳಿ. ಆಗ ಹೆಜ್ಜೆಯೊಂದಕ್ಕೆ ಸುಮಾರು 13 ಕೆಜಿ ಹೆಚ್ಚುವರಿ ಭಾರ. ಮನೆಗೆ ಬರುವ ಸಿಲಿಂಡರಿನೊಳಗಿನ ಗ್ಯಾಸ್ 14.2 ಕೆಜಿ. ಹೆಚ್ಚುಕಡಿಮೆ ಅಷ್ಟನ್ನು ಅವಳ ಪಾದ ದಿನಕ್ಕೆ ಮೂರು ನಾಲ್ಕು ಸಾವಿರ ಸಲ ತಡೆದುಕೊಳ್ಳುತ್ತದೆ. ಭಾರ ಮೈಯ ಸುತ್ತ ಸಮನಾಗಿ ಹಂಚಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಮಗು, ಮಾಸು, ಗರ್ಭದ ನೀರು, ಹಿಗ್ಗಿದ ಗರ್ಭಕೋಶ ಎಲ್ಲ ಬೆನ್ನೆಲುಬಿನ ಮುಂದುಗಡೆ ತೂಗುತ್ತವೆ. ಅದಕ್ಕೆ ಎದುರಾಗಿ ಎಳೆದು ಹಿಡಿಯಬೇಕಾದ್ದು ಬೆನ್ನಿನ ಕೆಳಭಾಗದ ಸ್ನಾಯು.

ಒತ್ತಡ ಅಳೆಯುವ ಹಲಗೆಗಳ ಮೇಲೆ ಗರ್ಭಿಣಿಯರನ್ನು ನಡೆಸಿ ನೋಡಿದ ಹಲವು ಅಧ್ಯಯನಗಳಲ್ಲಿ, ದಿನ ತುಂಬಿದಂತೆ ಮುಂಗಾಲಿನ ಮೇಲಿನ ಒತ್ತಡ ಹೆಚ್ಚುವುದು ಕಂಡಿದೆ. ನೆಲಕ್ಕೆ ತಾಗುವ ಅಂಗಾಲಿನ ಭಾಗವೂ ದೊಡ್ಡದಾಗುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ, ಕಾಲುಗಳ ನಡುವಿನ ಅಂತರ ಅಗಲವಾಗುತ್ತದೆ, ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುವ ಹೊತ್ತು ಜಾಸ್ತಿಯಾಗುತ್ತದೆ. ತುಂಬು ಬಸುರಿಯ ಆ ತೂಗಾಡುವ ನಡಿಗೆ ಬೀಳದಿರಲು ಮೈ ತಾನೇ ಕಂಡುಕೊಂಡ ಉಪಾಯ. 2000ದಲ್ಲಿ ಫೋಟಿ ಎಂಬ ಸಂಶೋಧಕಿ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದ ಒಂದು ಅಂಶ ನನ್ನ ಕೆಲಸದಲ್ಲಿ ದಿನವೂ ನೆರವಿಗೆ ಬರುತ್ತದೆ. ಗರ್ಭಿಣಿಯ ಕೀಲುಗಳ ಚಲನೆ ಅಷ್ಟೇನೂ ಬದಲಾಗಿರಲಿಲ್ಲ. ಆದರೆ ಹಾಗೆ ಬದಲಾಗದಂತೆ ಕಾಪಾಡಲು ಸೊಂಟದ ಪಕ್ಕದ ಸ್ನಾಯು, ಪೃಷ್ಠದ ಸ್ನಾಯು, ಮೀನಖಂಡ ಮೊದಲಿಗಿಂತ ತುಂಬ ಹೆಚ್ಚು ದುಡಿಯುತ್ತಿದ್ದವು. ಸಂಜೆಯ ಹೊತ್ತಿಗೆ "ಏನೂ ಮಾಡಿಲ್ಲ, ಆದ್ರೂ ಕಾಲು ಸೋತು ಹೋಗಿದೆ" ಎಂದು ಅವಳು ಹೇಳಿದರೆ ದಯವಿಟ್ಟು ನಂಬಿ. ಸುಮ್ಮನೆ ನಡೆದಾಡುವುದೇ ಅವಳಿಗೆ ಕೆಲಸ.

ಅಂಗಾಲಿನ ಕಮಾನು ಕುಸಿದಾಗ ಮೊಣಕಾಲ ಕೆಳಗಿನ ಮೂಳೆ ತುಸು ಒಳಕ್ಕೆ ತಿರುಗುತ್ತದೆ. ಅದರ ಹಿಂದೆಯೇ ತೊಡೆ ಮೂಳೆ. ತೊಡೆ ತಿರುಗಿದರೆ ಬೋಗುಣಿಯಂತಿರುವ ಕಟಿಮೂಳೆ ಮುಂದಕ್ಕೆ ಬಾಗುತ್ತದೆ, ಸೊಂಟದ ಬಾಗು ಹೆಚ್ಚುತ್ತದೆ. ಹಾಗೆಂದು ಸೊಂಟ ನೋವಿಗೆಲ್ಲ ಪಾದವೇ ಕಾರಣ ಎಂದು ನಾನು ಹೇಳುವುದಿಲ್ಲ. ಚಪ್ಪಟೆ ಪಾದವಿದ್ದೂ ಒಂಬತ್ತು ತಿಂಗಳು ನೋವಿಲ್ಲದೆ ಕಳೆದವರಿದ್ದಾರೆ, ಒಳ್ಳೆಯ ಕಮಾನಿದ್ದೂ ನರಳಿದವರಿದ್ದಾರೆ. ನಾನು ಪಾದದಿಂದ ಶುರುಮಾಡುವುದಕ್ಕೆ ಕಾರಣ ಬೇರೆ. ಹೊಟ್ಟೆಯ ಭಾರ ಇಳಿಸಲಾಗದು, ಹಾರ್ಮೋನು ಬದಲಿಸಲಾಗದು. ಪಾದಕ್ಕೂ ನೆಲಕ್ಕೂ ನಡುವೆ ಏನಿದೆ, ಪಾದ ದಿನಕ್ಕೆ ಎಷ್ಟು ಹೊತ್ತು ಭಾರ ಹೊರುತ್ತದೆ, ಆ ಭಾರದಲ್ಲಿ ಯಾವುದನ್ನು ಮನೆಯವರು ತೆಗೆದುಕೊಳ್ಳಬಹುದು, ಇಷ್ಟನ್ನು ಮಾತ್ರ ಇವತ್ತೇ ಬದಲಿಸಬಹುದು.

ಇಲ್ಲಿ ಒಂದು ಸಮಾಧಾನದ ಮಾತು. ಹೆಣ್ಣಿನ ಬೆನ್ನೆಲುಬು ಈ ಭಾರಕ್ಕೆಂದೇ ರೂಪುಗೊಂಡಿದೆ. ಸೊಂಟದ ಭಾಗದ ಮಣಿಗಳಲ್ಲಿ ಕೆಲವು ಹಿಂದುಗಡೆ ಕಿರಿದಾಗಿ ಬೆಣೆಯಂತಿರುತ್ತವೆ. ಅದರಿಂದಲೇ ಸೊಂಟಕ್ಕೆ ಬಾಗು ಬರುವುದು. ಗಂಡಸಿನಲ್ಲಿ ಈ ಬೆಣೆ ಎರಡು ಮಣಿಗಳಲ್ಲಿ ಹಂಚಿದ್ದರೆ ಹೆಂಗಸಿನಲ್ಲಿ ಮೂರು ಮಣಿಗಳಲ್ಲಿ ಹಂಚಿದೆ. ಕ್ಯಾಥರೀನ್ ವಿಟ್‌ಕಂ, ಲೀಸಾ ಶಪೀರೊ, ಡೇನಿಯಲ್ ಲೀಬರ್ಮನ್ ಎಂಬ ಮೂವರು ವಿಜ್ಞಾನಿಗಳು 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಬರೆದರು. ದಿನ ತುಂಬುವ ಹೊತ್ತಿಗೆ ಸೊಂಟದ ಬಾಗು ಶೇ. 60ರವರೆಗೆ ಹೆಚ್ಚಬಹುದು, ಆದರೂ ಮಣಿಗಳು ಒಂದರ ಮೇಲಿಂದ ಒಂದು ಜಾರದಂತೆ ಈ ರಚನೆ ಕಾಯುತ್ತದೆ. ಇಪ್ಪತ್ತು ಲಕ್ಷ ವರ್ಷಗಳಿಗೂ ಹಿಂದಿನ, ಎರಡು ಕಾಲಲ್ಲಿ ನಡೆಯುತ್ತಿದ್ದ ನಮ್ಮ ಪೂರ್ವಜೀವಿಗಳ ಪಳೆಯುಳಿಕೆಯಲ್ಲೂ ಹೆಣ್ಣು ಗಂಡಿನ ಈ ವ್ಯತ್ಯಾಸ ಸಿಕ್ಕಿದೆ. ಆದ್ದರಿಂದ "ನನ್ನ ಬೆನ್ನು ಮುರಿದೇ ಹೋಗತ್ತಾ?" ಎಂದು ಕೇಳುವ ಹುಡುಗಿಗೆ ನಾನು ಧೈರ್ಯವಾಗಿ "ಇಲ್ಲಮ್ಮ" ಎನ್ನುತ್ತೇನೆ. ನೋವು ಬಂದಿದೆ ಎಂದರೆ ಏನೋ ಮುರಿದಿದೆ ಎಂದಲ್ಲ.

ಗರ್ಭಿಣಿಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಬೆನ್ನೋ ಸೊಂಟವೋ ನೋಯುತ್ತದೆ. ನೋವಿನಲ್ಲಿ ಎರಡು ಬಗೆ, ಇವನ್ನು ಬೇರೆ ಮಾಡದೆ ಸಲಹೆ ಕೊಟ್ಟರೆ ಒಬ್ಬಳಿಗೆ ಒಳ್ಳೆಯದಾದದ್ದು ಇನ್ನೊಬ್ಬಳಿಗೆ ಕೆಟ್ಟದಾಗುತ್ತದೆ. ಒಂದು, ಸೀರೆಯ ನೆರಿಗೆ ಸಿಕ್ಕಿಸುವ ಮಟ್ಟದಲ್ಲಿ ಬೆನ್ನ ಹಿಂದೆ ಅಡ್ಡಕ್ಕೆ ಹಿಡಿದುಕೊಳ್ಳುವ ನೋವು. ಬಹಳ ಹೊತ್ತು ನಿಂತರೆ, ಬಗ್ಗಿ ಗುಡಿಸಿದರೆ ಹೆಚ್ಚುತ್ತದೆ. ಕೂತರೆ, ಮಲಗಿದರೆ ಇಳಿಯುತ್ತದೆ. ಇನ್ನೊಂದು ಅದಕ್ಕಿಂತ ಕೆಳಗೆ, ಪೃಷ್ಠದ ಮೇಲ್ಭಾಗದ ಗುಳಿಗಳ ಆಸುಪಾಸಿನಲ್ಲಿ, ಒಂದೋ ಎರಡೋ ಪಕ್ಕದಲ್ಲಿ ಚುಚ್ಚುವ ನೋವು. ಕೆಲವರಿಗೆ ಮುಂದುಗಡೆ ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಸಂದಿಯಲ್ಲೂ ಬರುತ್ತದೆ. ಇದು ಕಟಿಮೂಳೆಯ ಕೀಲುಗಳದ್ದು, ಐವರು ಗರ್ಭಿಣಿಯರಲ್ಲಿ ಒಬ್ಬರಿಗೆ ಬರುವಂಥದ್ದು. ಇದನ್ನು ಗುರುತಿಸಲು ನಾನು ಕೇಳುವ ಪ್ರಶ್ನೆಗಳು ಸರಳ. ಹಾಸಿಗೆಯಲ್ಲಿ ಹೊರಳುವಾಗ ಸಳಕ್ ಎನ್ನುತ್ತದಾ? ಒಂಟಿ ಕಾಲಲ್ಲಿ ನಿಂತು ಚೂಡಿದಾರದ ಪ್ಯಾಂಟ್ ಹಾಕಿಕೊಳ್ಳಲು ಆಗುತ್ತದಾ? ಮೆಟ್ಟಿಲು ಹತ್ತುವಾಗ? ಮೂರಕ್ಕೂ ನೋವು ಎಂದರೆ ಹೆಚ್ಚಾಗಿ ಅದು ಈ ಎರಡನೆಯ ಬಗೆ. ಇವರಿಗೆ "ಚೆನ್ನಾಗಿ ವಾಕಿಂಗ್ ಮಾಡಮ್ಮ" ಎಂದು ಕಣ್ಣುಮುಚ್ಚಿ ಹೇಳಿ ಕಳಿಸಿದರೆ ಮರುದಿನ ಏಳಲಾರರು.

ಕೀಲು ಸಡಿಲವಾಗುವುದಕ್ಕೆ ರಿಲ್ಯಾಕ್ಸಿನ್ ಎಂಬ ಹಾರ್ಮೋನನ್ನು ಎಲ್ಲರೂ ದೂರುತ್ತಾರೆ. ಫ್ರೆಡರಿಕ್ ಹಿಸಾ 1926ರಲ್ಲಿ ಗಿನಿಯಿಲಿಗಳಲ್ಲಿ ಇದರ ಪ್ರಭಾವವನ್ನು ತೋರಿಸಿದ್ದ. ಆದರೆ ಮನುಷ್ಯರಲ್ಲಿ ಇದರ ಪ್ರಮಾಣ ಅತಿ ಹೆಚ್ಚು ಇರುವುದು ಮೂರನೇ ತಿಂಗಳ ಸುಮಾರಿಗೆ, ನೋವು ಹೆಚ್ಚುವುದು ಆರನೇ ತಿಂಗಳ ನಂತರ. ಹಾಗಾಗಿ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಿ ಕೈಚೆಲ್ಲುವುದು ಸರಿಯಲ್ಲ. "ಸಯಾಟಿಕಾ" ಎಂಬ ಮಾತೂ ಬೇಗ ಬಾಯಿಗೆ ಬರುತ್ತದೆ. ನರ ನಿಜವಾಗಿ ಒತ್ತಿಕೊಂಡು ಮೊಣಕಾಲಿನ ಕೆಳಗೆ, ಪಾದದವರೆಗೂ ಝುಮ್ಮೆನ್ನುವ ನೋವು ಗರ್ಭಿಣಿಯರಲ್ಲಿ ನೂರಕ್ಕೆ ಒಬ್ಬರಿಗೆ ಬಂದರೆ ಹೆಚ್ಚು.

ಇನ್ನು ನಡಿಗೆ. ಮನೆಯಲ್ಲಿ ಜಗಳ ಶುರುವಾಗುವುದು ಇಲ್ಲೇ. ನಮ್ಮ ಮಧ್ಯ ಕರ್ನಾಟಕದ ಊರಿಗೆ ಉತ್ತರ, ದಕ್ಷಿಣ ಎರಡೂ ಸೀಮೆಯವರು ಬರುತ್ತಾರೆ. ಅತ್ತೆ ಹೇಳುತ್ತಾರೆ, "ನಾವು ಹಡಿಯೂ ಹಿಂದಿನ ದಿನದ ಮಟಾ ಹೊಲದಾಗ ಕಳೆ ತಗದೀವಿ, ಈಗಿನ ಹುಡುಗ್ಯಾರಿಗೆ ನಡ್ಯಾಕೂ ಆಗಂಗಿಲ್ಲ." ತಾಯಿ ಹೇಳುತ್ತಾರೆ, "ಒಂಬತ್ತು ತಿಂಗಳು ತುಂಬೋವರೆಗೂ ಹಾಸಿಗೆ ಬಿಟ್ಟು ಏಳ್ಬೇಡ." ಇಬ್ಬರೂ ಪ್ರೀತಿಯಿಂದಲೇ ಹೇಳುವುದು, ಇಬ್ಬರ ಮಾತೂ ಅರ್ಧ ಸತ್ಯ. ಹೊಲದಲ್ಲಿ ದುಡಿದ ಅಜ್ಜಿಯರ ಪಾದ ಮೆತ್ತನೆಯ ಮಣ್ಣಿನ ಮೇಲಿತ್ತು, ಅವರು ಕೂತು, ಎದ್ದು, ಬಾಗಿ, ನಡೆದು ದಿನವಿಡೀ ಭಂಗಿ ಬದಲಿಸುತ್ತಿದ್ದರು. ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಎರಡು ತಾಸು ಒಂದೇ ಕಡೆ ನಿಂತು ಅಡುಗೆ ಮಾಡುವುದು ಅದಕ್ಕೆ ಸಮವಲ್ಲ. ಹಾಸಿಗೆಯಲ್ಲೇ ಉಳಿದರೆ ದುಡಿಯಬೇಕಾದ ಸ್ನಾಯುಗಳೇ ಸೊರಗುತ್ತವೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಬೇರೆ ತೊಡಕಿಲ್ಲದ ಗರ್ಭಿಣಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಹದವಾದ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಲೆಕ್ಕ ಹಾಕಿದರೆ ಇಪ್ಪತ್ತು ನಿಮಿಷ ಚಿಲ್ಲರೆ. ಇದನ್ನು ಒಂದೇ ಬಾರಿಗೆ ಮುಗಿಸಬೇಕಿಲ್ಲ. ಬೆಳಿಗ್ಗೆ ಹತ್ತು, ಸಂಜೆ ಹತ್ತು ನಿಮಿಷ ಸಾಕು. ನಡೆಯುತ್ತ ಜೊತೆಯವರೊಡನೆ ಏದುಸಿರಿಲ್ಲದೆ ಮಾತಾಡಲು ಬರಬೇಕು, ಅದೇ ವೇಗದ ಅಳತೆ. ನಡೆದು ಬಂದ ಮೇಲಿನ ನೋವು ಅರ್ಧ ತಾಸಿನಲ್ಲಿ ಇಳಿದರೆ ನಾಳೆಯೂ ಅಷ್ಟೇ ನಡೆಯಿರಿ. ರಾತ್ರಿ ನಿದ್ದೆ ಕೆಡಿಸಿದರೆ ನಾಳೆ ಅರ್ಧಕ್ಕೆ ಇಳಿಸಿ. ಕಟಿಕೀಲಿನ ನೋವಿದ್ದವರು ಗಿಡ್ಡ ಹೆಜ್ಜೆ ಇಡಬೇಕು, ಏರು ಇಳಿಜಾರು ಬಿಡಬೇಕು. ಇವರಿಗೆ ಐದು ನಿಮಿಷದ ನಾಲ್ಕು ಸುತ್ತು ಹೆಚ್ಚು ಒಗ್ಗುತ್ತದೆ. ರಕ್ತಸ್ರಾವ ಆದವರು, ಮಾಸು ಕೆಳಗಿದೆ ಎಂದು ಹೇಳಿಸಿಕೊಂಡವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಬಿಪಿ ಏರಿರುವವರು ನಿಮ್ಮ ವೈದ್ಯರನ್ನು ಕೇಳದೆ ಇದ್ಯಾವುದನ್ನೂ ಅನುಸರಿಸಬೇಡಿ.

ಚಪ್ಪಲಿಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಇದನ್ನು ಯಾರೂ ಔಷಧಿ ಎಂದು ಎಣಿಸುವುದಿಲ್ಲ. ನಮ್ಮ ಹೆಣ್ಣುಮಕ್ಕಳ ಕಾಲಲ್ಲಿ ಸಾಮಾನ್ಯವಾಗಿ ಇರುವುದು ತೆಳ್ಳನೆಯ ಹವಾಯಿ ಅಥವಾ ಬೆರಳಿಗೆ ಉಂಗುರವಿರುವ ಚಪ್ಪಟೆ ಚಪ್ಪಲಿ. ಹಿಂದುಗಡೆ ಪಟ್ಟಿ ಇಲ್ಲದ ಚಪ್ಪಲಿಯನ್ನು ಕಾಲಲ್ಲಿ ಉಳಿಸಿಕೊಳ್ಳಲು ಪ್ರತಿ ಹೆಜ್ಜೆಗೂ ಬೆರಳುಗಳು ಅದನ್ನು ಕಚ್ಚಿ ಹಿಡಿಯಬೇಕು. ಮೊದಲೇ ಭಾರ ಹೊತ್ತ ಮುಂಗಾಲಿಗೆ ಇದೊಂದು ಹೆಚ್ಚಿನ ಹೊರೆ. ಆರನೇ ತಿಂಗಳು ಹಿಡಿದ ಕೂಡಲೇ ಹೊಸ ಜೋಡಿ ಕೊಡಿಸಿ. ಹಿಂದೆ ಪಟ್ಟಿ ಇರಲಿ, ಬೆರಳು ಅಗಲಿಸಲು ಮುಂದೆ ಜಾಗವಿರಲಿ, ಹಿಮ್ಮಡಿ ಎರಡು ಸೆಂಟಿಮೀಟರಿನಷ್ಟು ಎತ್ತರವಿದ್ದರೆ ಸಾಕು, ಅಡಿ ಜಾರದಿರಲಿ. ಸಂಜೆಯ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ತನ್ನ ಪೂರ್ತಿ ಅಗಲಕ್ಕೆ ಬಂದಿರುತ್ತದೆ. ಕಮಾನಿಗೆ ಆಧಾರ ಕೊಡುವ ಮೆತ್ತೆ ಕೆಲವರಿಗೆ ಒಳ್ಳೆಯ ಆರಾಮ ಕೊಡುತ್ತದೆ, ಎಲ್ಲರಿಗೂ ಬೇಕಿಲ್ಲ. ಮನೆಯೊಳಗೂ ರಬ್ಬರ್ ಅಡಿಯ ಚಪ್ಪಲಿ ಹಾಕಿಕೊಳ್ಳಲಿ. ದೇವರ ಮನೆಗೆ ಬರಿಗಾಲಲ್ಲಿ ಹೋಗಿ ಬಂದರೆ ಅಡ್ಡಿಯಿಲ್ಲ, ಸಾರಿಸಿದ ಒದ್ದೆ ಟೈಲ್ಸ್ ಮೇಲೆ ಬೇಡ. ಅಮೆರಿಕದಲ್ಲಿ ಸುಮಾರು ನಾಲ್ಕು ಸಾವಿರ ಬಾಣಂತಿಯರನ್ನು ವಿಚಾರಿಸಿದಾಗ ಹೆಚ್ಚುಕಡಿಮೆ ಕಾಲು ಭಾಗದಷ್ಟು ಮಂದಿ ಗರ್ಭಿಣಿಯಾಗಿದ್ದಾಗ ಒಮ್ಮೆಯಾದರೂ ಬಿದ್ದಿದ್ದರು. ಹೊಟ್ಟೆ ಅಡ್ಡ ಬಂದು ತನ್ನ ಪಾದ ತನಗೇ ಕಾಣದ ತಿಂಗಳುಗಳಿವು. ಕಾಲುಂಗುರ ಬಿಗಿಯಾಗಿದ್ದರೆ ಬಾಯಿ ಬಿಟ್ಟಿರುವ, ಸಡಿಲಿಸಬಹುದಾದ ಕಾಲುಂಗುರಕ್ಕೆ ಬದಲಾಯಿಸಿ. ಬೆರಳು ನೀಲಿಗಟ್ಟುವವರೆಗೆ ಕಾಯಬೇಡಿ. ಮುತ್ತೈದೆತನಕ್ಕೆ ಇದರಿಂದ ಕುಂದು ಬಾರದು.

ಅಡುಗೆಮನೆಯಲ್ಲಿ ಒಲೆಯ ಕಟ್ಟೆಯ ಕೆಳಗೆ ಒಂದು ಮರದ ಮಣೆ ಇಡಿ. ನಿಂತಾಗ ಒಂದು ಪಾದ ಅದರ ಮೇಲೆ, ಹತ್ತು ನಿಮಿಷಕ್ಕೆ ಪಾದ ಅದಲು ಬದಲು. ಸೊಂಟದ ಬಾಗು ಸ್ವಲ್ಪ ಸಡಿಲುತ್ತದೆ. ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು ಕುರ್ಚಿಯಲ್ಲಿ ಕೂತು ಆಗಲಿ. ಈಳಿಗೆಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಏಳುವುದು ಅಭ್ಯಾಸವಿದ್ದವರಿಗೆ ತೊಂದರೆ ಕೊಡದಿರಬಹುದು, ಕಟಿಕೀಲು ನೋಯುತ್ತಿದ್ದರೆ ಬಿಡಿ. ನನ್ನನ್ನು ಹೆಚ್ಚು ಕಾಡುವುದು ನೀರಿನ ಕೊಡ. ಹದಿನೈದು ಲೀಟರಿನ ಕೊಡ ಎಂದರೆ ಹದಿನೈದು ಕೆಜಿ, ಅದನ್ನು ಒಂದೇ ಕಡೆಯ ಸೊಂಟದ ಮೇಲೆ ಕೂರಿಸಿಕೊಂಡು ನಡೆದರೆ ಮೊದಲೇ ಮುಂದಕ್ಕೆ ಬಾಗಿದ ಕಟಿಮೂಳೆ ಪಕ್ಕಕ್ಕೂ ವಾಲುತ್ತದೆ, ಆ ಕಡೆಯ ಪಾದಕ್ಕೆ ಎರಡು ಪಟ್ಟು ತೊಂದರೆ. ನಲ್ಲಿ ನೀರು ಬರುವ ಹೊತ್ತಿಗೆ ಮನೆಯಲ್ಲಿರುವ ಗಂಡಸು ಆ ಕೊಡ ಹೊರಲಿ. ಇದು ಸಹಾಯ ಅಲ್ಲ, ಚಿಕಿತ್ಸೆ. ಯಾರೂ ಇಲ್ಲದಿದ್ದರೆ ಎರಡು ಕೈಗೆ ಎರಡು ಅರ್ಧ ಬಕೆಟ್.

ಗಾರ್ಮೆಂಟ್ಸಿನಲ್ಲಿ ಚೆಕಿಂಗ್, ಐರನ್ ಮಾಡುವ ಕೆಲಸ, ಬಟ್ಟೆ ಅಂಗಡಿಯ ಕೆಲಸ, ಶಾಲೆಯ ಪಾಠ, ನರ್ಸ್ ಕೆಲಸ ಎಲ್ಲವೂ ನಿಂತೇ ನಡೆಯುವಂಥವು. ದೀರ್ಘ ಕಾಲ ನಿಲ್ಲುವ ಕೆಲಸವನ್ನೋ ಶ್ರಮದ ಕೆಲಸವನ್ನೋ ಮಾಡಿಸಬೇಡಿ ಎಂದು ಗರ್ಭಿಣಿ ಕೋರಿದರೆ ಮಾಲೀಕರು ಒಪ್ಪಲೇಬೇಕು ಎಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೇ ನಮ್ಮ ಕಾನೂನು ಹೇಳುತ್ತಾ ಬಂದಿದೆ. ಹೆರಿಗೆಯ ನಿರೀಕ್ಷಿತ ದಿನದ ಹಿಂದಿನ ಆರು ವಾರ, ಅದಕ್ಕೂ ಹಿಂದಿನ ಒಂದು ತಿಂಗಳು, ಈ ಅವಧಿಗೆ ಅದು ಅನ್ವಯ. ಆದರೆ ಅವಳು ಕೇಳಬೇಕು. ಕೇಳಿದರೆ ಕೆಲಸ ಹೋದೀತೆಂಬ ಭಯಕ್ಕೆ ಸುಮ್ಮನಿರುವವರೇ ಹೆಚ್ಚು, ಇದು ನನಗೆ ನೋವಿನ ಸಂಗತಿ. ತಾಯಿ ಕಾರ್ಡ್ ಜೊತೆಗೆ ವೈದ್ಯರ ಒಂದು ಚೀಟಿ ಬರೆಸಿಕೊಂಡು ಹೋಗಿ. ಕುರ್ಚಿ ಕೊಡುವುದು ಯಾವ ಕಂಪನಿಗೂ ಹೊರೆಯಲ್ಲ.

ಕಟಿಕೀಲಿನ ನೋವಿದ್ದವರಿಗೆ ಮೊಣಕಾಲುಗಳನ್ನು ಜೋಡಿಸಿಟ್ಟು ಚಲಿಸುವುದೇ ಮುಖ್ಯ ಸೂತ್ರ. ಹಾಸಿಗೆಯಿಂದ ಏಳುವಾಗ ನೇರ ಮೇಲಕ್ಕೆ ಏಳದೆ ಮಗ್ಗುಲಾಗಿ, ಎರಡೂ ಕಾಲು ಒಟ್ಟಿಗೆ ಕೆಳಗಿಳಿಸಿ, ಕೈಯೂರಿ ಏಳಬೇಕು. ಆಟೊ, ಕಾರು ಹತ್ತುವಾಗ ಮೊದಲು ಕೂತು ಆಮೇಲೆ ಎರಡೂ ಕಾಲು ಒಳಗೆ. ಸ್ಕೂಟರಿನ ಹಿಂದೆ ಸೀರೆಯುಟ್ಟು ಒಂದೇ ಪಕ್ಕಕ್ಕೆ ಕೂತರೆ ಕಟಿಮೂಳೆ ತಿರುಚಿಕೊಂಡೇ ಇರುತ್ತದೆ, ಮೇಲಿಂದ ಹಂಪುಗಳ ಕುಲುಕಾಟ. ತಿಂಗಳ ತಪಾಸಣೆಗೆ ಹೋಗಲು ಆದಷ್ಟು ಆಟೊವನ್ನೋ ಬಸ್ಸನ್ನೋ ಹಿಡಿಯಿರಿ. ರಾತ್ರಿ ಮೊಣಕಾಲುಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗಲಿ. ಏಳನೇ ತಿಂಗಳಿನಿಂದ ಅಂಗಾತ ಮಲಗಿ ನಿದ್ದೆ ಹೋಗುವುದು ಮಗುವಿಗೂ ಒಳ್ಳೆಯದಲ್ಲ. ಸೀಮಂತದ ದಿನ ಭಾರದ ರೇಷ್ಮೆ ಸೀರೆ ಉಡಿಸಿ ಮಣೆಯ ಮೇಲೆ ಎರಡು ತಾಸು ಚಕ್ಕಳಮಕ್ಕಳ ಕೂರಿಸಬೇಡಿ. ಬೆನ್ನಿಗೆ ದಿಂಬಿರುವ ಕುರ್ಚಿಯಲ್ಲಿ ಕೂರಿಸಿ ಬಳೆ ತೊಡಿಸಿದರೂ ಹರಕೆ ಅಷ್ಟೇ ಫಲಿಸುತ್ತದೆ.

ವ್ಯಾಯಾಮ ಸೊಂಟ ನೋವನ್ನು ತಗ್ಗಿಸುತ್ತದೆ ಎಂಬುದಕ್ಕೆ ತಕ್ಕಮಟ್ಟಿನ ಆಧಾರವಿದೆ. ನಾನು ಮೊದಲು ಕಲಿಸುವುದು ನಾಲ್ಕೇ. ಗೋಡೆಗೆ ಬೆನ್ನು ಕೊಟ್ಟು ನಿಂತು, ಮೊಣಕಾಲು ತುಸು ಸಡಿಲಿಸಿ, ಸೊಂಟದ ಹಿಂದಿನ ಖಾಲಿ ಜಾಗವನ್ನು ಗೋಡೆಗೆ ಒತ್ತುವುದು. ಮಂಡಿ ಮತ್ತು ಅಂಗೈ ಊರಿ ಬೆಕ್ಕಿನಂತೆ ಬೆನ್ನನ್ನು ನಿಧಾನ ಮೇಲೆತ್ತಿ ಇಳಿಸುವುದು. ಕುರ್ಚಿ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಕೊನೆಯದು ಪಾದದ್ದು, ಕೂತಲ್ಲೇ ನೆಲದ ಮೇಲೆ ಹಾಸಿದ ಟವೆಲನ್ನು ಕಾಲ್ಬೆರಳುಗಳಿಂದ ಮಡಿಸಿ ಮಡಿಸಿ ಹತ್ತಿರ ಎಳೆದುಕೊಳ್ಳುವುದು. ಒಂದೊಂದೂ ಹತ್ತು ಸಲ, ದಿನಕ್ಕೆ ಎರಡು ಹೊತ್ತು, ಉಸಿರು ಬಿಗಿಹಿಡಿಯದೆ. ಸೊಂಟದ ಬೆಲ್ಟ್ ಕೆಲವರಿಗೆ ಉಪಯೋಗ, ಆದರೆ ಅದನ್ನು ಹೊಟ್ಟೆಗೆ ಬಿಗಿಯುವುದಲ್ಲ, ಹೊಟ್ಟೆಯ ಕೆಳಗೆ ಕಟಿಮೂಳೆಯ ಸುತ್ತ ಬರಬೇಕು. ನಡೆಯುವಾಗ ಹಾಕಿ, ಮಲಗುವಾಗ ತೆಗೆಯಿರಿ.

ಮಾತ್ರೆಯ ವಿಚಾರದಲ್ಲಿ ಮಾತ್ರ ನಾನು ಖಡಾಖಂಡಿತ. ಮೆಡಿಕಲ್ ಶಾಪಿನಲ್ಲಿ "ಸೊಂಟ ನೋವಿಗೆ ಏನಾದ್ರೂ ಕೊಡಿ" ಎಂದು ಕೇಳಿ ತರಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಮುಂತಾದವು ಐದನೇ ತಿಂಗಳ ನಂತರ ಹೊಟ್ಟೆಯೊಳಗಿನ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರು ಕಡಿಮೆ ಮಾಡಬಲ್ಲವು. 20 ವಾರಗಳ ನಂತರ ಇವನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿತು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ಒಂದು ರಕ್ತನಾಳ ಹೊತ್ತಿಗೆ ಮುಂಚೆ ಮುಚ್ಚುವ ಅಪಾಯವೂ ಇದೆ. ನೋವಿನ ಮುಲಾಮಿನಲ್ಲೂ ಇದೇ ಔಷಧಿ ಇರುತ್ತದೆ, ಅದನ್ನೂ ಕೇಳಿಯೇ ಹಚ್ಚಿ. ನೋವು ತಡೆಯದಾದಾಗ ಪ್ಯಾರಸಿಟಮಾಲ್ ಬೇಕೇ, ಎಷ್ಟು ಎಂಬುದನ್ನು ವೈದ್ಯರು ಹೇಳಲಿ. ಸೊಂಟಕ್ಕೆ ಹದವಾದ ಶಾಖ ಹದಿನೈದು ನಿಮಿಷ ಕೊಡಬಹುದು, ಹೊಟ್ಟೆಗೆ ಬೇಡ. ಕ್ಯಾಲ್ಸಿಯಂ ಕಮ್ಮಿಯಾಗಿ ಸೊಂಟ ನೋಯುತ್ತದೆ ಎಂಬ ನಂಬಿಕೆ ಬಹುಪಾಲು ನಿಜವಲ್ಲ. ಆದರೂ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆ ಬಿಡಬೇಡಿ. ಕಬ್ಬಿಣದ ಮಾತ್ರೆಯ ಜೊತೆಗೆ ಒಂದೇ ಹೊತ್ತಿಗೆ ನುಂಗಬೇಡಿ, ಅಷ್ಟೇ.

ಯಾವ ನೋವು ಸೊಂಟದ್ದಲ್ಲ ಎಂಬುದೂ ಗೊತ್ತಿರಲಿ. ಬಿಟ್ಟು ಬಿಟ್ಟು, ಲೆಕ್ಕ ಹಿಡಿದಂತೆ ಬರುವ ನೋವು ಅವಧಿಗೆ ಮುಂಚಿನ ಹೆರಿಗೆ ನೋವಾಗಿರಬಹುದು. ಚಳಿ ಜ್ವರದ ಜೊತೆ ಪಕ್ಕೆ ಹಿಡಿದುಕೊಂಡು ಉರಿಮೂತ್ರ ಬಂದರೆ ಮೂತ್ರಪಿಂಡದ ಸೋಂಕು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಗರ್ಭಿಣಿಯರಲ್ಲಿ ಇದು ಎಡಗಾಲಲ್ಲೇ ಹೆಚ್ಚು. ಮುಖ, ಕೈ ಊದಿ ತಲೆನೋವು, ಕಣ್ಣು ಮಂಜು ಎಂದರೆ ಬಿಪಿ. ಕಾಲಿನ ಶಕ್ತಿ ಕುಂದಿದರೆ, ತೊಡೆ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ ಅದು ನರದ ತುರ್ತು. ರಕ್ತವೋ ನೀರೋ ಹೋದರೂ ಅಷ್ಟೇ. ಇವಾವುದಕ್ಕೂ ಬೆಳಗಾಗಲಿ ಎಂದು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ, ಫಿಸಿಯೋಥೆರಪಿಗಲ್ಲ.

ಹೆರಿಗೆಯ ನಂತರ ಬಹುತೇಕರ ನೋವು ಮೂರು ತಿಂಗಳೊಳಗೆ ಇಳಿಯುತ್ತದೆ. ಬಾಣಂತನದ ಎಣ್ಣೆ ನೀರು, ಬೆಚ್ಚನೆ ಕೋಣೆ ಎಲ್ಲ ಇರಲಿ. ಆದರೆ ವೈದ್ಯರು ಒಪ್ಪಿದ ಮೇಲೆ ಮೊದಲ ವಾರದಿಂದಲೇ ಮನೆಯೊಳಗೆ ನಾಲ್ಕು ಹೆಜ್ಜೆ ನಡೆಯಲಿ. ಹಾಲೂಡಿಸುವಾಗ ಮಗುವಿನ ಕಡೆಗೆ ಬಾಗದೆ, ದಿಂಬಿನಿಂದ ಮಗುವನ್ನೇ ಎದೆಯ ಮಟ್ಟಕ್ಕೆ ಎತ್ತಿಕೊಳ್ಳಲಿ, ಪಾದ ನೆಲಕ್ಕೋ ಮಣೆಗೋ ತಾಗಿರಲಿ. ಆಗಲೂ ನೋವು ಉಳಿದರೆ ನಮ್ಮಲ್ಲಿ ಒಂದೇ ಉತ್ತರ, "ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರಲ್ಲ, ಅದಕ್ಕೇ." ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಹೆರಿಗೆ ನೋವು ಕಳೆಯಲು ಬೆನ್ನಿಗೆ ಇಂಜೆಕ್ಷನ್ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದಾಗ ಮುಂದಿನ ದಿನಗಳ ಬೆನ್ನು ನೋವಿನಲ್ಲಿ ವ್ಯತ್ಯಾಸ ಸಿಕ್ಕಿಲ್ಲ. ಗರ್ಭಿಣಿಯಾಗಿದ್ದಾಗಲೇ ನೋವಿದ್ದವರಲ್ಲಿ ಅದು ಉಳಿಯುವ ಸಾಧ್ಯತೆ ಹೆಚ್ಚು. ತಪ್ಪು ಕಾರಣವನ್ನು ನಂಬಿದ್ದರಿಂದ ನನ್ನಲ್ಲಿಗೆ ಐದಾರು ವರ್ಷ ತಡವಾಗಿ ಬಂದವರಿದ್ದಾರೆ. ಅಷ್ಟು ಹೊತ್ತಿಗೆ ಎರಡನೇ ಮಗುವೂ ಆಗಿರುತ್ತದೆ. ಹೆರಿಗೆಯಾಗಿ ಮೂರು ತಿಂಗಳು ಕಳೆದರೂ ನಿಮ್ಮ ಮಗಳು, ಸೊಸೆ, ಹೆಂಡತಿ ಒಂಟಿ ಕಾಲಲ್ಲಿ ನಿಂತು ಬಟ್ಟೆ ಹಾಕಿಕೊಳ್ಳಲು ಕಷ್ಟಪಡುತ್ತಿದ್ದರೆ ಇಂಜೆಕ್ಷನ್ನಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಅವಳು ದಿನವೂ ಮೆಟ್ಟುವ ಚಪ್ಪಲಿಯನ್ನೂ ತೆಗೆದುಕೊಂಡು ಕರೆತನ್ನಿ.